ಆಸರೆ ಕಾಣದ ಹಲಗೆ

ಮಲೆನಾಡಿನ ಹಳೆಯ ಮನೆಗಳಲ್ಲಿ ನಾಗಂದಿಗೆ ಇರುತ್ತಿತ್ತು. ಗೋಡೆಯಿಂದ ಹೊರಚಾಚಿದ ಮರದ ಗೂಟಗಳು, ಅವುಗಳ ಮೇಲೆ ಉದ್ದಕ್ಕೂ ಮಲಗಿಸಿದ ದಪ್ಪ ಹಲಗೆ. ಉಪ್ಪಿನಕಾಯಿ ಭರಣಿ, ಬೆಲ್ಲದ ಡಬ್ಬಿ, ಹಿತ್ತಾಳೆ ಪಾತ್ರೆ, ಏನಿಟ್ಟರೂ ಅದು ಜಗ್ಗುತ್ತಿರಲಿಲ್ಲ. ಗೋಡೆ ಏಳುವಾಗಲೇ ಗೂಟದ ಹಿಂಬದಿಯನ್ನು ಒಳಗೆ ಸೇರಿಸಿ, ಅದರ ಮೇಲೆ ಮಣ್ಣನ್ನೋ ಕಲ್ಲನ್ನೋ ಕಟ್ಟುತ್ತ ಹೋಗುತ್ತಿದ್ದರು. ಗೂಟ ಮುಂದಕ್ಕೆ ಬಾಗಬೇಕಾದರೆ ತನ್ನ ಬಾಲದ ಮೇಲೆ ಕೂತ ಗೋಡೆಯನ್ನೇ ಎತ್ತಬೇಕಿತ್ತು.

ಈಗಿನ ಫ್ಲೋಟಿಂಗ್ ಶೆಲ್ಫಿಗೆ ಆ ಭಾಗ್ಯವಿಲ್ಲ. ಕಟ್ಟಿ, ಗಾರೆ ಮಾಡಿ, ಬಣ್ಣ ಬಳಿದು ಮುಗಿದ ಗೋಡೆಗೆ ಆಮೇಲೆ ತೂತು ಕೊರೆದು ಹಲಗೆ ನಿಲ್ಲಿಸಬೇಕು. ಕಾಲಿಲ್ಲ, ಕೆಳಗೆ ಬ್ರಾಕೆಟ್ಟಿಲ್ಲ, ತಿರುಪುಮೊಳೆಯ ತಲೆಯೂ ಕಾಣಬಾರದು. ನೋಡಲು ಬಲು ಚೆಂದ. ನಮ್ಮ ಮನೆಯ ಪುಸ್ತಕಗಳಿಗಾಗಿ ಇಂಥ ಹಲಗೆಗಳನ್ನು ನಾನೇ ಮಾಡಿ ಕೂರಿಸಲು ಹೊರಟಾಗ ತೇಗವೋ ಹೊನ್ನೆಯೋ ಎಂಬ ಯೋಚನೆಯೇ ತಲೆ ತುಂಬ ಇತ್ತು. ನಮ್ಮ ಬೀದಿಯ ಬಡಗಿ ಆಚಾರ್ರು ಮರದ ಮಾತನ್ನೇ ಎತ್ತಲಿಲ್ಲ. "ಸಾರ್, ಗೋಡೆಗೆ ಡ್ರಿಲ್ ಹಾಕಿದಾಗ ಪುಡಿ ಯಾವ ಬಣ್ಣ ಬಂತು?" ಎಂದು ಕೇಳಿದರು.

ಅದಕ್ಕಿಂತ ಒಳ್ಳೆಯ ಪ್ರಶ್ನೆ ಈ ಕೆಲಸದಲ್ಲಿ ಇನ್ನೊಂದಿಲ್ಲ. ಡ್ರಿಲ್ಲಿನ ತುದಿ ಮೊದಲು ದಾಟುವುದು ಗಾರೆಯನ್ನು. ಅದು ಒಂದೂವರೆ, ಎರಡು ಸೆಂಟಿಮೀಟರ್ ದಪ್ಪ, ಪುಡಿ ಬೂದು ಬಣ್ಣ. ಅದರಾಚೆಗೆ ಬರುವ ಪುಡಿಯೇ ಗೋಡೆಯ ಜಾತಕ. ಕೆಂಪು ಬಂದರೆ ಸುಟ್ಟ ಇಟ್ಟಿಗೆ. ಬೂದು ಬಣ್ಣವೇ ಮುಂದುವರಿದು ಡ್ರಿಲ್ ಗಟ್ಟಿಯಾಗಿ ಗುಟುರು ಹಾಕಿದರೆ ಕಾಂಕ್ರೀಟ್ ಬ್ಲಾಕ್. ಕರಾವಳಿಯ ಜಂಬಿಟ್ಟಿಗೆಯಲ್ಲಿ ಪುಡಿ ಕಂದುಗೆಂಪು, ನಡುನಡುವೆ ಡ್ರಿಲ್ ದಿಢೀರನೆ ಒಳಕ್ಕೆ ಜಾರುತ್ತದೆ, ಕಲ್ಲಿನಲ್ಲೇ ಪೊಳ್ಳುಗಳಿರುವುದರಿಂದ. ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿದು ಬಿಳಿ ಪುಡಿ ಸುರಿದರೆ ಅದು ಎಎಸಿ (ಆಟೋಕ್ಲೇವ್ಡ್ ಏರೇಟೆಡ್ ಕಾಂಕ್ರೀಟ್) ಬ್ಲಾಕ್. ಹೊಸ ಅಪಾರ್ಟ್‌ಮೆಂಟುಗಳಲ್ಲಿ ಹೆಚ್ಚಾಗಿ ಸಿಗುವುದು ಇದೇ.

ಈ ಎಎಸಿಯ ಬಗ್ಗೆ ನಾಲ್ಕು ಮಾತು ಹೆಚ್ಚು ಹೇಳಬೇಕು. 1920ರ ದಶಕದಲ್ಲಿ ಸ್ವೀಡನ್ನಿನಲ್ಲಿ ರೂಪುಗೊಂಡ ಈ ಬ್ಲಾಕಿನ ತುಂಬ ಗಾಳಿಯ ಸಣ್ಣ ಸಣ್ಣ ಗುಳ್ಳೆಗಳಿವೆ. ಒಂದು ಘನ ಮೀಟರ್ ಕಾಂಕ್ರೀಟು ಸುಮಾರು 2,400 ಕೆ.ಜಿ. ತೂಗಿದರೆ ಎಎಸಿ ತೂಗುವುದು 600 ಕೆ.ಜಿ. ಆಸುಪಾಸು. ಹಗುರ, ಸೆಕೆ ತಡೆಯುತ್ತದೆ, ಕಟ್ಟುವವರಿಗೆ ಅನುಕೂಲ. ಆದರೆ ಮೊಳೆ ಹಿಡಿದುಕೊಳ್ಳುವ ತಾಕತ್ತು ಕಡಿಮೆ. ಡ್ರಿಲ್ಲಿನ ಹ್ಯಾಮರ್ ಗುಂಡಿ ಒತ್ತಿಕೊಂಡೇ ಕೊರೆದರೆ ತೂತಿನ ಬಾಯಿ ಪುಡಿಪುಡಿಯಾಗಿ ಅಗಲವಾಗುತ್ತದೆ, ಮೊಳೆ ಹಿಡಿಯಲೆಂದು ತೂತಿಗೆ ತೂರಿಸುವ ಪ್ಲಗ್ಗು ಅಲ್ಲೇ ಗಿರಗಿರ ತಿರುಗುತ್ತದೆ. ಅಲ್ಲಿ ಹ್ಯಾಮರ್ ನಿಲ್ಲಿಸಿ ಮೆಲ್ಲಗೆ ಕೊರೆಯಬೇಕು. ಎಎಸಿಗೆಂದೇ ಬರುವ ದೊಡ್ಡ ಪ್ಲಗ್ಗನ್ನೋ, ತೂತಿನೊಳಗೆ ತುಂಬುವ ಕೆಮಿಕಲ್ ಆಂಕರನ್ನೋ ಬಳಸಬೇಕು. ಸಾಮಾನ್ಯ ಪ್ಲಗ್ಗಿನ ಮೇಲೆ ನಿಘಂಟಿನ ಭಾರ ಹೊರಿಸುವುದನ್ನು ನಾನಂತೂ ಒಪ್ಪುವುದಿಲ್ಲ.

ಪ್ಲಗ್ಗಿಗೂ ಒಂದು ಚರಿತ್ರೆ ಇದೆ. ಮೊದಲೆಲ್ಲ ಗೋಡೆಯಲ್ಲಿ ಚಚ್ಚೌಕ ಗುಂಡಿ ಕೆತ್ತಿ, ಮರದ ಬೆಣೆ ಬಡಿದು, ಅದರ ಸುತ್ತ ಸಿಮೆಂಟು ತುಂಬುತ್ತಿದ್ದರು. 20ನೇ ಶತಮಾನದ ಆರಂಭದಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಗೋಡೆಗಳಿಗೆ ಹಾನಿಯಾಗದಂತೆ ವಿದ್ಯುತ್ ಉಪಕರಣ ಕೂರಿಸಬೇಕಾಗಿ ಬಂದಾಗ ಜಾನ್ ಜೋಸೆಫ್ ರಾಲಿಂಗ್ಸ್ ಸೆಣಬಿನ ನಾರಿನ ಪುಟ್ಟ ಕೊಳವೆ ಮಾಡಿದರು. ರಾಲ್ ಪ್ಲಗ್ ಎಂಬ ಹೆಸರು ಬಂದದ್ದು ಅವರಿಂದ. 1958ರಲ್ಲಿ ಜರ್ಮನಿಯ ಆರ್ಟುರ್ ಫಿಶರ್ ಅದನ್ನು ನೈಲಾನಿನಲ್ಲಿ ತಂದರು. ಮೊಳೆ ಒಳಗೆ ತಿರುಗಿದಂತೆ ಪ್ಲಗ್ಗು ಹಿಗ್ಗಿ ಗೋಡೆಯನ್ನು ಒತ್ತಿ ಹಿಡಿಯುವುದು ಅದರ ಉಪಾಯ. ಹಿಗ್ಗಲು ಸುತ್ತ ಗಟ್ಟಿ ಇಟ್ಟಿಗೆಯೇ ಬೇಕು, ಗಾರೆಯಲ್ಲಿ ಹಿಗ್ಗಿದರೆ ಗಾರೆ ಬಿರಿಯುತ್ತದೆ. ಹಾಗಾಗಿ 5 ಸೆಂಟಿಮೀಟರಿನ ಪ್ಲಗ್ಗಿಗೆ ಗಾರೆಯ ದಪ್ಪ ಸೇರಿಸಿ 7 ಸೆಂಟಿಮೀಟರ್ ಕೊರೆಯುವುದು, ಒಳಗಿನ ಪುಡಿಯನ್ನು ಪೂರ್ತಿ ಊದಿ ತೆಗೆಯುವುದು. ಪುಡಿ ಉಳಿದರೆ ಪ್ಲಗ್ಗು ಅರ್ಧಕ್ಕೇ ನಿಲ್ಲುತ್ತದೆ.

ಎಲ್ಲಿ ಕೊರೆಯಬಾರದು ಎಂಬುದನ್ನೂ ಮೊದಲೇ ಗುರುತು ಹಾಕಿಕೊಳ್ಳಬೇಕು. ಸ್ವಿಚ್ ಬೋರ್ಡಿನಿಂದ ನೇರ ಮೇಲಕ್ಕೆ, ನೇರ ಕೆಳಕ್ಕೆ, ಅಡ್ಡಕ್ಕೆ ಗೋಡೆಯೊಳಗೆ ವೈರಿನ ಪೈಪು ಹೋಗಿರುತ್ತದೆ. ಬಚ್ಚಲುಮನೆಯ ಹಿಂಗೋಡೆಯಲ್ಲಿ ನೀರಿನ ಪೈಪು. ಕಂಬ ಮತ್ತು ತೊಲೆಗಳಲ್ಲಿ ಕಬ್ಬಿಣದ ಸರಳು. ಕೊರೆಯುವ ಮೊದಲು ಆ ಕೋಣೆಯ ವಿದ್ಯುತ್ತನ್ನು ತೆಗೆದು, ಡ್ರಿಲ್ಲಿಗೆ ಬೇರೆ ಕೋಣೆಯಿಂದ ವೈರು ಎಳೆದುಕೊಳ್ಳುವುದು ಒಳ್ಳೆಯದು.

ಇನ್ನು ಲೆಕ್ಕ. ಮೂರಡಿ ಉದ್ದದ ಹಲಗೆಯ ಮೇಲೆ ಸಾಲಾಗಿ ಪುಸ್ತಕ ಜೋಡಿಸಿದರೆ ಹಲಗೆಯೂ ಸೇರಿ 30 ಕೆ.ಜಿ. ಸುಲಭವಾಗಿ ಆಗುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನು ಒಟ್ಟಿಗೆ ಎತ್ತಿ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಈ ಭಾರದ ನಡುಬಿಂದು ಗೋಡೆಯಿಂದ 12 ಸೆಂಟಿಮೀಟರ್ ದೂರದಲ್ಲಿದೆ ಎನ್ನೋಣ. ಹಲಗೆ ತನ್ನ ಕೆಳ ಅಂಚನ್ನು ಗೋಡೆಗೆ ಒತ್ತಿ, ಮೇಲಿನ ಮೊಳೆಗಳನ್ನು ಹೊರಕ್ಕೆ ಕೀಳಲು ನೋಡುತ್ತದೆ. ಮೊಳೆಗಳು ಆ ಕೆಳ ಅಂಚಿನಿಂದ 3 ಸೆಂಟಿಮೀಟರ್ ಮೇಲಿದ್ದರೆ, 30ನ್ನು 12ರಿಂದ ಗುಣಿಸಿ 3ರಿಂದ ಭಾಗಿಸಿದಾಗ ಕೀಳುವ ಬಲ 120 ಕೆ.ಜಿ. ಆಗುತ್ತದೆ! ಇಟ್ಟ ಭಾರದ ನಾಲ್ಕು ಪಟ್ಟು. ಮೊಳೆಗಳು ಒಂದೂವರೆ ಸೆಂಟಿಮೀಟರ್ ಎತ್ತರದಲ್ಲಷ್ಟೇ ಇದ್ದರೆ 240.

ಈ ಒಂದು ಲೆಕ್ಕ ತಿಳಿದರೆ ಉಳಿದ ತೀರ್ಮಾನಗಳೆಲ್ಲ ತಾವಾಗಿ ಬರುತ್ತವೆ. ಹಲಗೆ ದಪ್ಪವಿರಲಿ, ಮೊಳೆ ಮೇಲಂಚಿನ ಹತ್ತಿರವಿರಲಿ, ಐದಾರು ಮೊಳೆಗಳಿಗೆ ಭಾರ ಹಂಚಿಹೋಗಲಿ. ಎಲ್ಲಕ್ಕಿಂತ ಮುಖ್ಯವಾಗಿ ಅಗಲ ಕಡಿಮೆ ಇರಲಿ. ನಮ್ಮ ಕಥೆ, ಕಾದಂಬರಿಗಳು ಬಹುಪಾಲು ಡೆಮಿ 1/8 ಅಳತೆಯವು, ಅಗಲ ಸುಮಾರು 14 ಸೆಂಟಿಮೀಟರ್. ಅವಕ್ಕೆ 18 ಸೆಂಟಿಮೀಟರಿನ ಹಲಗೆ ಧಾರಾಳ. ಒಂದಡಿ ಅಗಲ ಮಾಡಿದರೆ ಜನ ಪುಸ್ತಕವನ್ನು ಮುಂದಂಚಿಗೆ ಎಳೆದಿಡುತ್ತಾರೆ, ಹಿಂದೆ ಧೂಳು ಕೂರುತ್ತದೆ, ಗೋಡೆಯ ಮೇಲಿನ ಎಳೆತ ಇಮ್ಮಡಿಗೂ ಮೀರುತ್ತದೆ.

ಮಾಡುವ ವಿಧಾನ ಎರಡು. ಒಂದು, ದಪ್ಪ ಮರದ ಹಲಗೆಯ ಹಿಂಬದಿಗೆ ಆಳವಾದ ತೂತು ಕೊರೆದು, ಗೋಡೆಯಿಂದ ಚಾಚಿದ ಉಕ್ಕಿನ ಸರಳುಗಳ ಮೇಲೆ ಅದನ್ನು ತೂರಿಸುವುದು. ಕಾಣಲು ಇದೇ ಅತಿ ಚೆಲುವು. ಆದರೆ ಸರಳು ಗೋಡೆಯೊಳಗೆ ನಾಲ್ಕಾರು ಇಂಚು ಹೋಗಬೇಕು. ಕೋಣೆಗಳ ನಡುವಿನ ನಾಲ್ಕಿಂಚಿನ ಗೋಡೆಯಲ್ಲಿ ಅಷ್ಟು ಆಳ ಸಿಗುವುದಿಲ್ಲ, ಆಚೆ ಬದಿಯ ಗಾರೆ ಎದ್ದುಬರುತ್ತದೆ. ಕೈಯಲ್ಲಿ ಹಿಡಿದ ಡ್ರಿಲ್ಲಿನಿಂದ ಹಲಗೆಯ ತೂತುಗಳನ್ನು ಓರೆಯಾಗದಂತೆ ಕೊರೆಯುವುದೂ ಕಷ್ಟ.

ಎರಡನೆಯದು ಪೆಟ್ಟಿಗೆಯ ವಿಧಾನ. ನಮ್ಮ ಮನೆಯ ಹಲಗೆಗಳು ಈ ಬಗೆಯವು. 4 ಸೆಂಟಿಮೀಟರ್ ಎತ್ತರದ ಮರದ ಪಟ್ಟಿಯೊಂದನ್ನು ಗೋಡೆಗೆ ಬಿಗಿಯುವುದು. ಅಷ್ಟೇ ಎತ್ತರದ ರಿಪೀಸುಗಳ ಚೌಕಟ್ಟು ಮಾಡಿ, ಮೇಲೆ ಕೆಳಗೆ 6 ಮಿ.ಮೀ. ಪ್ಲೈವುಡ್ ಅಂಟಿಸಿ, ಹಿಂಬದಿ ತೆರೆದಿರುವ ಪೆಟ್ಟಿಗೆ ಮಾಡುವುದು. ಅದನ್ನು ಗೋಡೆಯ ಪಟ್ಟಿಯ ಮೇಲೆ ತೂರಿಸಿ, ಮೇಲಿನಿಂದ ಸಣ್ಣ ಸ್ಕ್ರೂ ಹಾಕಿ, ತಲೆಗಳನ್ನು ಮರದ ಪುಟ್ಟಿಯಿಂದ ಮುಚ್ಚುವುದು. ಮೂರಡಿ ಉದ್ದ, 25 ಸೆಂಟಿಮೀಟರ್ ಅಗಲದ ಇಂಥ ಪೆಟ್ಟಿಗೆ ಮೂರು ಕೆ.ಜಿ. ಸುಮಾರಿಗೆ ಮುಗಿಯುತ್ತದೆ. ಅದೇ ದಪ್ಪದ ಇಡೀ ತೇಗದ ಹಲಗೆ ಏಳೂವರೆ ಕೆ.ಜಿ. ತೂಗುತ್ತದೆ. ಉಳಿದ ನಾಲ್ಕೂವರೆ ಕೆ.ಜಿ. ಪುಸ್ತಕಕ್ಕೆ ಸಿಕ್ಕಿತು. ಪಟ್ಟಿಗೂ ಪೆಟ್ಟಿಗೆಗೂ ನಡುವೆ ಸಡಿಲವಿರಬಾರದು, ಕೈಯಿಂದ ತಟ್ಟಿ ಕೂರಿಸುವಷ್ಟು ಬಿಗಿ ಬೇಕು. ಅದಕ್ಕಾಗಿ ಪಟ್ಟಿಯನ್ನು ಕೀಸುಳಿಯಲ್ಲಿ ಸ್ವಲ್ಪ ಸ್ವಲ್ಪವೇ ಹೆರೆದು ಹೊಂದಿಸುವಾಗ ಹೋಗುವ ಹೊತ್ತು ದಂಡವಲ್ಲ. ಅರ್ಧ ಮಿಲಿಮೀಟರ್ ಸಡಿಲವಿದ್ದರೂ ಮುಂದಂಚು ಕಣ್ಣಿಗೆ ಕಾಣುವಷ್ಟು ಇಳಿಬೀಳುತ್ತದೆ.

ಮರವೇ ಬೇಕೆನ್ನುವವರಿಗೆ ಕರ್ನಾಟಕದಲ್ಲಿ ಆಯ್ಕೆ ಬಹಳ. ತೇಗ ಗೆದ್ದಲಿಗೆ ಜಗ್ಗುವುದಿಲ್ಲ, ಆದರೆ ದುಬಾರಿ. ಹಲಸು ಹಳದಿಯಾಗಿ ಬಂದು ವರ್ಷಗಳುರುಳಿದಂತೆ ಕೆಂಗಂದಾಗುತ್ತದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆಂದು ಬೆಳೆಸುವ, ಮೂಲತಃ ಆಸ್ಟ್ರೇಲಿಯಾದ ಸಿಲ್ವರ್ ಓಕ್ ನನ್ನ ಮೆಚ್ಚಿನದು. ಅದರ ಮೇಲಿನ ಚುಕ್ಕೆ ಚುಕ್ಕೆ ಮಿಂಚು ಪಾಲಿಶ್ ಬಿದ್ದಾಗ ಎದ್ದು ಬರುತ್ತದೆ. ಯಾವುದೇ ಆಗಲಿ, ಹಸಿ ಮರ ಬೇಡ. ಮರ ಉದ್ದಕ್ಕೆ ಹಿಗ್ಗುವುದಿಲ್ಲ ಎನ್ನಬಹುದು, ಅಗಲಕ್ಕೆ ಹಿಗ್ಗಿ ಕುಗ್ಗುತ್ತದೆ. ಆಗುಂಬೆಯ ಮಳೆಗಾಲವನ್ನೂ ರಾಯಚೂರಿನ ಏಪ್ರಿಲ್ಲನ್ನೂ ಒಂದೇ ಹಲಗೆ ಒಂದೇ ಅಳತೆಯಲ್ಲಿ ಕಳೆಯಲಾರದು. ಪ್ಲೈವುಡ್ಡಿಗೆ ಈ ಚಂಚಲತೆ ಕಡಿಮೆ. ಒಳಕೋಣೆಗೆ ಐಎಸ್ 303, ನೀರು ತಾಗುವಲ್ಲಿಗೆ ಐಎಸ್ 710 ಗುರುತಿನದು. ಎಂಡಿಎಫ್ ನುಣುಪಾಗಿ ಕಂಡರೂ ಭಾರ, ಒದ್ದೆಯಾದರೆ ಉಬ್ಬುತ್ತದೆ, ಅಂಚಿಗೆ ಹಾಕಿದ ಸ್ಕ್ರೂವನ್ನು ಸರಿಯಾಗಿ ಹಿಡಿಯುವುದಿಲ್ಲ.

ಪಟ್ಟಿ ಕೂರಿಸುವ ಗೆರೆಯನ್ನು ನೆಲದಿಂದ ಅಳೆದು ಎಳೆಯಬಾರದು, ಏಕೆಂದರೆ ನೆಲವೇ ಮಟ್ಟವಾಗಿರುವುದು ಅಪರೂಪ. ರಸಮಟ್ಟ ಹಿಡಿದು ಎಳೆಯಬೇಕು. ಉದ್ದ ಹೆಚ್ಚಿದ್ದರೆ ಗಾರೆ ಕೆಲಸದವರಂತೆ ನೀರು ತುಂಬಿದ ಪಾರದರ್ಶಕ ಪೈಪು ಇನ್ನೂ ನಂಬಿಕಸ್ತ. ಗೋಡೆ ಉಬ್ಬುತಗ್ಗಾಗಿದ್ದರೆ ಪಟ್ಟಿಯ ಹಿಂದೆ ತೆಳು ಚಕ್ಕೆ ಕೊಟ್ಟು ನೇರ ಮಾಡಬೇಕು, ಇಲ್ಲವಾದರೆ ಮೊಳೆ ಬಿಗಿದಂತೆ ಪಟ್ಟಿಯೂ ಗೋಡೆಯ ಡೊಂಕನ್ನೇ ಹಿಡಿಯುತ್ತದೆ.

ಪಾಲಿಶಿಗೆ ಅರಗಿನ ಫ್ರೆಂಚ್ ಪಾಲಿಶ್, ಪಿಯು, ಬೇಯಿಸಿದ ಅಗಸೆ ಎಣ್ಣೆ, ಯಾವುದಾದರೂ ಆದೀತು. ಕರಾವಳಿಯವರು ತೊಲೆ, ಜಂತಿಗಳಿಗೆ ಗೇರು ಎಣ್ಣೆ ಬಳಿದು ಹುಳು ತಡೆಯುತ್ತಿದ್ದರು, ಆದರೆ ಅದು ಚರ್ಮ ಸುಡುತ್ತದೆ, ಬಣ್ಣ ಕಪ್ಪು, ಪುಸ್ತಕದ ಹಲಗೆಗೆ ಒಗ್ಗದು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೇಬಾರದು. ಎಣ್ಣೆ ಒಣಗುವಾಗ ಶಾಖ ಹುಟ್ಟಿ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಲ್ಲುದು. ಬಯಲಲ್ಲಿ ಹರಡಿ ಒಣಗಿಸಿ, ಆಮೇಲೆ ಬಿಸಾಡಬೇಕು.

ಇಷ್ಟೆಲ್ಲ ಕಲಿತ ಮೇಲೂ ಕೆಲವು ಜಾಗಗಳಲ್ಲಿ ನಾನು ಇಂಥ ಹಲಗೆ ಹಾಕುವುದಿಲ್ಲ. ಮಿಕ್ಸಿ, ಅಕ್ಕಿ ಡಬ್ಬ, ಭರಣಿಗಳಿಗೆ ಗೋಡೆಯೊಳಗೆ ಹೂತ ಕಡಪಾ ಕಲ್ಲೋ, ಕೆಳಗೆ ಕಾಣುವ ಕಬ್ಬಿಣದ ಬ್ರಾಕೆಟ್ಟೋ ಇರಲಿ. ಮಂಚದ ತಲೆದೆಸೆಯಲ್ಲೂ ಮಗುವಿನ ತೊಟ್ಟಿಲ ಮೇಲೂ ಬೇಡ. ಮಕ್ಕಳು ಜೋತುಬೀಳುವ ಎತ್ತರದಲ್ಲಂತೂ ಖಂಡಿತ ಬೇಡ. ಉಳಿದ ಕಡೆ ಹಲಗೆ ಕೂರಿಸಿದ ಮೇಲೆ ಮೊದಲು ಅರ್ಧ ಭಾರವಷ್ಟೇ ಇಟ್ಟು, ಕೆಲವು ದಿನ ಬಿಟ್ಟು ಮುಂದಂಚಿಗೆ ರಸಮಟ್ಟ ಹಿಡಿದು ನೋಡಿ, ಗುಳ್ಳೆ ಕದಲದಿದ್ದರೆ ಉಳಿದ ಪುಸ್ತಕ ಜೋಡಿಸುತ್ತೇನೆ. ದಪ್ಪ ಸಂಪುಟಗಳು ನೇರವಾಗಿ ಗೋಡೆಯ ಮೊಳೆಗಳಿರುವ ಕಡೆಗೆ, ತೆಳುವಾದವು ಎರಡು ತುದಿಗೆ.