ಗರ್ಭಚೀಲ ತೆಗೆಸುವ ಮೊದಲು

ನಲವತ್ತು ದಾಟಿದ ಹೆಂಗಸಿಗೆ ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿದೆ ಎಂದರೆ ನಮ್ಮ ಧಾರವಾಡದ ಕಡೆ ಸಿಗುವ ಸಲಹೆ ಒಂದೇ: ‘ಚೀಲ ತೆಗಿಸಿಬಿಡ್ರಿ.’ ಓರಗಿತ್ತಿ ಹೇಳುತ್ತಾಳೆ, ಪಕ್ಕದ ಮನೆಯವರು ಹೇಳುತ್ತಾರೆ, ಎಷ್ಟೋ ಸಲ ವೈದ್ಯರೂ ಅದನ್ನೇ ಹೇಳುತ್ತಾರೆ. ಮಕ್ಕಳಾಗಿ, ಸಂತಾನಹರಣದ ಆಪರೇಷನ್ನೂ ಆದ ಮೇಲೆ ಗರ್ಭಚೀಲ ಇದ್ದರೇನು, ಬಿಟ್ಟರೇನು ಎಂಬ ಎಣಿಕೆ ಎಲ್ಲರದು.

ನನ್ನ ಅಕ್ಕ ಮೂವತ್ತೈದಕ್ಕೇ ತೆಗೆಸಿದಳು. ಅವಳಿಗಿದ್ದದ್ದು ಬಿಳಿ ಹೋಗುವ ತೊಂದರೆ, ಸೊಂಟನೋವು. ಬಿಳಿ ಹೋಗುವುದಕ್ಕೆ ಹೆಚ್ಚಿನ ಸಲ ಸೋಂಕು ಕಾರಣ, ಮಾತ್ರೆಯಲ್ಲೇ ವಾಸಿಯಾಗುತ್ತದೆ ಎಂದು ಅವಳಿಗೆ ಯಾರೂ ಹೇಳಲಿಲ್ಲ. ಚೀಲದ ಜೊತೆ ಎರಡೂ ಅಂಡಾಶಯಗಳು ಹೋಗಿವೆ ಎಂಬುದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಬೇರೊಬ್ಬ ವೈದ್ಯೆ ಹಳೆಯ ಕಾಗದಪತ್ರ ಓದಿದಾಗ. ಅಲ್ಲಿಯವರೆಗೆ ನಡುರಾತ್ರಿ ಬೆವೆತು ಏಳುವುದು, ನಿದ್ದೆಗೇಡು, ಸುಮ್ಮಸುಮ್ಮನೆ ಬರುವ ಅಳು ಎಲ್ಲವನ್ನೂ ‘ನನ್ನ ಸ್ವಭಾವನ ಹಿಂಗಾತು’ ಎಂದು ನುಂಗಿಕೊಂಡಿದ್ದಳು. ಅಂಡಾಶಯ ತೆಗೆದರೆ ಮುಟ್ಟು ನಿಲ್ಲುವ ಕಾಲ ಒಮ್ಮೆಗೇ ಬಂದೆರಗುತ್ತದೆ. ಎಳೆ ವಯಸ್ಸಿನಲ್ಲೇ ಈಸ್ಟ್ರೋಜನ್ ನಿಂತುಹೋದರೆ ಮೂಳೆ ಸವೆಯುತ್ತದೆ, ಹೃದಯಕ್ಕೂ ಅಪಾಯ ಹೆಚ್ಚುತ್ತದೆ.

ನನಗೆ ತೊಂದರೆ ಶುರುವಾದದ್ದು ನಲವತ್ತನಾಲ್ಕರಲ್ಲಿ. ಶಾಲೆಯಲ್ಲಿ ಒಂದು ಪೀರಿಯಡ್ ಮುಗಿಯುವಷ್ಟರಲ್ಲಿ ಪ್ಯಾಡ್ ತುಂಬುತ್ತಿತ್ತು. ಬೋರ್ಡಿನ ಮೇಲೆ ಬರೆಯಲು ಮಕ್ಕಳಿಗೆ ಬೆನ್ನು ಮಾಡುವುದಕ್ಕೇ ಅಂಜಿಕೆ. ಮೆಟ್ಟಿಲು ಹತ್ತಿದರೆ ಏದುಸಿರು. ಒಂದು ನರ್ಸಿಂಗ್ ಹೋಮಿನಲ್ಲಿ ಸ್ಕ್ಯಾನಿಂಗ್ ಮಾಡಿ, ‘ಚೀಲ ದಪ್ಪ ಆಗೈತಿ, ಬಿಟ್ರ ಕ್ಯಾನ್ಸರ್ ಆದೀತು’ ಎಂದು ಅಲ್ಲೇ ಆಪರೇಷನ್ನಿನ ದಿನ ಗೊತ್ತುಮಾಡಿದರು. ಅಕ್ಕನ ಪಾಡು ಕಣ್ಣಮುಂದೆ ಇತ್ತು. ರಿಪೋರ್ಟು ಹಿಡಿದು ಸರ್ಕಾರಿ ಆಸ್ಪತ್ರೆಗೆ ಹೋದೆ.

ಅಲ್ಲಿನ ವೈದ್ಯೆ ಮೊದಲು ಕೇಳಿದ್ದು ಲೆಕ್ಕ. ಎಷ್ಟು ತಾಸಿಗೊಮ್ಮೆ ಪ್ಯಾಡ್ ಬದಲಿಸುತ್ತೀರಿ, ಹೆಪ್ಪುಗಟ್ಟಿದ ರಕ್ತ ಹೋಗುತ್ತದೆಯೇ, ನಡುವೆ ಎಷ್ಟು ದಿನ ಬಿಡುವು? ಗೋಡೆಯ ಕ್ಯಾಲೆಂಡರಿನಲ್ಲಿ ಹಾಕಿಟ್ಟಿದ್ದ ಗುರುತುಗಳನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಹೋಗಿದ್ದೆ. ಅವು ಬಹಳ ಉಪಯೋಗಕ್ಕೆ ಬಂದವು. ‘ತೆಗದ್ರ ತೊಂದ್ರಿ ಮುಗೀತದ ಅಂತಾರ್ರಿ ಟೀಚರ್. ಆದ್ರ ಯಾಕ ಹೋಗಾಕತ್ತದ ಅನ್ನೋದು ಮೊದ್ಲ ಗೊತ್ತಾಗಬೇಕಲ್ರಿ’ ಎಂದು ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದರು. ಫೈಬ್ರಾಯ್ಡ್ ಗಡ್ಡೆ, ಪಾಲಿಪ್, ಒಳಪದರ ಅತಿಯಾಗಿ ಬೆಳೆಯುವುದು, ಥೈರಾಯ್ಡ್ ಹೀಗೆ ಕಾರಣಗಳು ಹಲವು. ಫೈಬ್ರಾಯ್ಡ್ ಗಡ್ಡೆ ಕ್ಯಾನ್ಸರ್ ಆಗಿರುವುದು ತೀರ ಅಪರೂಪ, ಮುಟ್ಟು ನಿಂತ ಮೇಲೆ ಅದು ಸಾಮಾನ್ಯವಾಗಿ ಕುಗ್ಗುತ್ತದೆ.

ರಕ್ತ ಪರೀಕ್ಷೆ, ಥೈರಾಯ್ಡ್ ಪರೀಕ್ಷೆ, ಒಳಪದರದ ಚೂರು ತೆಗೆದು ಬಯಾಪ್ಸಿ ಆಯಿತು. ಕ್ಯಾನ್ಸರ್ ಇರಲಿಲ್ಲ. ಇದ್ದದ್ದು ಅಡಿನೋಮಯೋಸಿಸ್, ಅಂದರೆ ಒಳಪದರದ ಅಂಗಾಂಶ ಚೀಲದ ಸ್ನಾಯುವಿನೊಳಗೂ ಬೆಳೆಯುವುದು. ಹಿಮೋಗ್ಲೋಬಿನ್ 12 ಇರಬೇಕಾದಲ್ಲಿ 8 ಕೂಡ ಇರಲಿಲ್ಲ. ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆಗಲ್ಲ, ನಿಂಬೆಹಣ್ಣಿನ ಪಾನಕದ ಜೊತೆ ನುಂಗಲು ಕಲಿತೆ. ರಕ್ತ ಹೋಗುವ ದಿನಗಳಿಗೆ ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆ ಕೊಟ್ಟರು. ಆಮೇಲೆ ಗರ್ಭಚೀಲದೊಳಗೆ ಹಾರ್ಮೋನಿನ ವಂಕಿ ಹಾಕಿದರು. ತಾಮ್ರದ ವಂಕಿಯಿಂದ ಮುಟ್ಟು ಹೆಚ್ಚಾಗಬಹುದು. ಲೆವೊನಾರ್ಜೆಸ್ಟ್ರೆಲ್ ಇರುವ ಇದು ಒಳಪದರವನ್ನು ತೆಳುವಾಗಿಸಿ ರಕ್ತ ತಗ್ಗಿಸುತ್ತದೆ. ಮೊದಲ ಕೆಲವು ತಿಂಗಳು ಹೊತ್ತಲ್ಲದ ಹೊತ್ತಿನಲ್ಲಿ ಕಲೆ ಕಾಣಿಸುತ್ತದೆ, ಗಾಬರಿಯಾಗಬೇಡಿ ಎಂದು ಮುಂಚೆಯೇ ಹೇಳಿದ್ದರು. ಹಾಗೇ ಆಯಿತು, ತಡೆದುಕೊಂಡೆ. ವರ್ಷ ತುಂಬುವಷ್ಟರಲ್ಲಿ ಮತ್ತೆ ಬಿಳಿ ಸೀರೆ ಉಟ್ಟು ಸ್ವಾತಂತ್ರ್ಯ ದಿನದ ಕವಾಯತಿಗೆ ನಿಂತೆ.

ಆಪರೇಷನ್ನೇ ಬೇಡ ಎಂದು ನಾನು ಹೇಳುತ್ತಿಲ್ಲ. ಕ್ಯಾನ್ಸರ್ ಇದ್ದರೆ, ಗಡ್ಡೆ ತೀರ ದೊಡ್ಡದಾಗಿದ್ದರೆ, ಔಷಧಕ್ಕೆ ರಕ್ತ ಬಗ್ಗದಿದ್ದರೆ ಅದೇ ಸರಿಯಾದ ದಾರಿ. ನನ್ನ ಸಹೋದ್ಯೋಗಿಯೊಬ್ಬರು ಹಾಗೆ ಮಾಡಿಸಿಕೊಂಡು ಆರಾಮಾಗಿದ್ದಾರೆ. ಆದರೆ ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಬೇಕಿಲ್ಲದೆ ಗರ್ಭಚೀಲ ಕಳೆದುಕೊಂಡ ಲಂಬಾಣಿ ಹೆಂಗಸರು ನ್ಯಾಯಕ್ಕಾಗಿ ಬೀದಿಗಿಳಿಯಬೇಕಾಯಿತು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಗಳನ್ನು ರಾಜ್ಯಗಳು ಜಾರಿಗೆ ತರಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ಈಗ ಯಾರಾದರೂ ಕೇಳಿದರೆ ನಾಲ್ಕು ಪ್ರಶ್ನೆ ಬರೆದುಕೊಡುತ್ತೇನೆ. ಕಾರಣ ಏನು? ಬಯಾಪ್ಸಿ ಬೇಕೇ? ತೆಗೆಯದೆ ವಾಸಿಮಾಡುವ ದಾರಿ ಯಾವುದು? ತೆಗೆಯಲೇಬೇಕಾದರೆ ಅಂಡಾಶಯ ಉಳಿಸುತ್ತೀರಾ, ಇಲ್ಲವಾದರೆ ಯಾಕೆ? ಉತ್ತರ ಕೊಡದವರ ಹತ್ತಿರ ಸಹಿ ಹಾಕಬೇಡಿ, ಇನ್ನೊಬ್ಬರನ್ನು ಕಾಣಿ. ಚೀಲ ಉಳಿಸಿಕೊಂಡವರಿಗೂ ಒಂದು ಎಚ್ಚರ: ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಹಬ್ಬ, ಮದುವೆ, ಮೊಮ್ಮಗಳ ಪರೀಕ್ಷೆ ಎಂದು ಮುಂದೂಡದೆ ಅದೇ ವಾರ ಆಸ್ಪತ್ರೆಗೆ ಹೋಗಿ.