ನೆಲಮಾಳಿಗೆಗೆ ತಕ್ಕ ನೆಲಹಾಸು

ದೆಹಲಿಯ ಅನೇಕ ಮನೆಗಳಲ್ಲಿ ನೆಲಮಾಳಿಗೆಯಿದೆ. ಅಲ್ಲಿ ನಾಯಿ, ಬೆಕ್ಕುಗಳನ್ನು ಸಾಕುವವರು ಅಂದವೊಂದನ್ನೇ ನೋಡಿ ನೆಲಹಾಸನ್ನು ಆರಿಸಬಾರದು.

ಮಣ್ಣಿನ ತೇವವು ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳ ಮೂಲಕ ಮೇಲೇರುತ್ತದೆ. ಆದುದರಿಂದ ಮೊದಲು ತೇವವನ್ನು ಪರೀಕ್ಷಿಸುವುದು ಅಗತ್ಯ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಬರಿಯ ಕಾಂಕ್ರೀಟಿನ ಮೇಲೆ ಹರಡಿ, ನಾಲ್ಕೂ ಅಂಚುಗಳನ್ನು ಅಂಟುಪಟ್ಟಿಯಿಂದ ಮುಚ್ಚಿ, 24 ಗಂಟೆಗಳ ಕಾಲ ಬಿಡಬೇಕು. ಅಡಿಯಲ್ಲಿ ನೀರಹನಿ ಕಂಡುಬಂದರೆ ಅಥವಾ ಕಾಂಕ್ರೀಟು ಕಪ್ಪಾಗಿದ್ದರೆ, ತೇವವನ್ನು ತಡೆಯುವ ಕೆಲಸ ಮುಗಿಯುವವರೆಗೆ ನೆಲಹಾಸು ಹಾಕಿಸಬಾರದು. ಬೇಸಿಗೆಯಲ್ಲಿ ಒಣಗಿದ್ದ ನೆಲವನ್ನು ಮಳೆಗಾಲದಲ್ಲಿ ಮತ್ತೊಮ್ಮೆ ಪರೀಕ್ಷಿಸುವುದು ಒಳ್ಳೆಯದು.

ಮರದ ಹಲಗೆಯು ತೇವದಿಂದ ಉಬ್ಬುತ್ತದೆ. ರತ್ನಗಂಬಳಿಯು ಮೂತ್ರವನ್ನು ಹೀರಿ ದುರ್ವಾಸನೆ ಬೀರುತ್ತದೆ. ಅಮೃತಶಿಲೆಯು ಆಮ್ಲೀಯ ದ್ರವಗಳಿಂದ ಹೊಳಪುಗೆಡುತ್ತದೆ. ವಿಟ್ರಿಫೈಡ್ ಟೈಲುಗಳಾದರೋ ತಮ್ಮ ತೂಕದ ಶೇಕಡಾ 0.5ಕ್ಕಿಂತ ಹೆಚ್ಚು ನೀರನ್ನು ಹೀರುವುದಿಲ್ಲ; ಪ್ರಾಣಿಗಳ ಉಗುರಿಗೂ ಸುಲಭವಾಗಿ ಗೀರು ಬೀಳುವುದಿಲ್ಲ.

ಆದರೆ ನುಣುಪಾದ ಟೈಲಿನ ಮೇಲೆ ನಾಯಿಯ ಕಾಲು ಜಾರುತ್ತದೆ. ಮುದಿ ನಾಯಿಯ ಕೀಲುಗಳಿಗೆ ಇದರಿಂದ ಅಪಾಯ. ಆದ್ದರಿಂದ ಹೊಳಪಿಲ್ಲದ, ತುಸು ಒರಟಾದ ಟೈಲನ್ನೇ ಆರಿಸಬೇಕು. ಸಂದುಗಳಿಗೆ ಸಿಮೆಂಟಿನ ಬದಲು ಎಪಾಕ್ಸಿ ತುಂಬಿಸಿದರೆ ಮೂತ್ರ ಒಳಗಿಳಿಯದು. ಪ್ರಾಣಿ ಮಲಗುವೆಡೆ ಒಗೆಯಲು ಬರುವ ಜಮಖಾನೆಯೊಂದಿದ್ದರೆ ಸಾಕು.