ಗಾಜಿನ ತೊಟ್ಟಿಯಲ್ಲಿ ಕಡಲು

ನಮ್ಮ ಹೈದರಾಬಾದು ನಗರದಲ್ಲಿ ಸಾಗರಗಳಿಗೆ ಕೊರತೆಯಿಲ್ಲ. ಅಮೀರ್‌ಪೇಟ್‌ನಿಂದ ಸ್ವಲ್ಪ ದೂರ ನಡೆದರೆ ಹುಸೇನ್ ಸಾಗರ. ನಗರದ ಪಶ್ಚಿಮಕ್ಕೆ ಉಸ್ಮಾನ್ ಸಾಗರ, ಹಿಮಾಯತ್ ಸಾಗರ. ಆದರೆ ಇವು ಹೆಸರಿಗೆ ಮಾತ್ರ ಸಾಗರಗಳು. ಮೂರೂ ಮನುಷ್ಯರು ಕಟ್ಟಿಸಿದ ಕೆರೆಗಳು. ಇವುಗಳ ನೀರು ಕಡಲಿನ ಉಪ್ಪುನೀರಲ್ಲ. ನಿಜವಾದ ಕಡಲಾದ ಬಂಗಾಳ ಕೊಲ್ಲಿಯನ್ನು ಮುಟ್ಟಬೇಕಾದರೆ ರಸ್ತೆಯಲ್ಲಿ ೩೦೦ ಕಿಲೋಮೀಟರಿಗೂ ಹೆಚ್ಚು ದೂರ ಹೋಗಬೇಕು. ನಮ್ಮ ನಗರವಾದರೋ ಕಡಲ ಮಟ್ಟದಿಂದ ೫೦೦ ಮೀಟರಿಗೂ ಎತ್ತರದ ಪ್ರಸ್ಥಭೂಮಿಯ ಮೇಲಿದೆ. ಇಂಥ ಸ್ಥಳದಲ್ಲಿ ಕಡಲ ಮೀನನ್ನು ಸಾಕುವುದು ಸಾಧ್ಯವೇ? ಸಾಧ್ಯ. ಆದರೆ ಕಡಲು ತಾನಾಗಿಯೇ ಮಾಡುವ ಕೆಲಸವನ್ನೆಲ್ಲ ಇಲ್ಲಿ ನಾವು ಮಾಡಬೇಕಾಗುತ್ತದೆ. ಆ ಕೆಲಸಗಳು ಯಾವುವು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಈ ಪ್ರಯತ್ನವನ್ನು ಮೊದಮೊದಲು ಮಾಡಿದವರೂ ಕಡಲ ದಡದಲ್ಲಿ ಇದ್ದವರಲ್ಲ. ೧೮೪೬ರಲ್ಲಿ ಅನ್ನಾ ಥಿನ್ ಎಂಬ ಮಹಿಳೆ ಇಂಗ್ಲೆಂಡಿನ ಟಾರ್ಕ್ವೇ ತೀರದಿಂದ ಜೀವಂತ ಹವಳಗಳನ್ನು ಲಂಡನ್ನಿನ ತಮ್ಮ ಮನೆಗೆ ತಂದರು. ನೀರಿನಲ್ಲಿ ಗಾಳಿ ಬೆರೆಯಲೆಂದು ಅವರ ಮನೆಯ ಸೇವಕಿ ತೆರೆದ ಕಿಟಕಿಯ ಮುಂದೆ ನಿಂತು ಆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಮತ್ತೆ ಮತ್ತೆ ಸುರಿಯಬೇಕಾಗಿತ್ತು. ೧೮೫೪ರಲ್ಲಿ ಫಿಲಿಪ್ ಹೆನ್ರಿ ಗಾಸ್ ಎಂಬ ಜೀವಶಾಸ್ತ್ರಜ್ಞರು ಲವಣಗಳನ್ನು ಬೆರೆಸಿ ಕೃತಕ ಕಡಲ ನೀರನ್ನು ಸಿದ್ಧಪಡಿಸುವ ವಿಧಾನವನ್ನು ಪ್ರಕಟಿಸಿದರು. ಅಂದಿನ ಸೇವಕಿಯ ಕೆಲಸವನ್ನು ಇಂದು ವಿದ್ಯುತ್ ಪಂಪು ಮಾಡುತ್ತದೆ. ತತ್ತ್ವ ಮಾತ್ರ ಅದೇ.

ತೊಟ್ಟಿ

ಚಿಕ್ಕ ತೊಟ್ಟಿಯನ್ನು ನೋಡಿಕೊಳ್ಳುವುದು ಸುಲಭವೆಂದು ಹೊಸಬರು ಎಣಿಸುವುದು ಸಹಜ. ವಾಸ್ತವವು ಇದಕ್ಕೆ ವಿರುದ್ಧವಾಗಿದೆ. ಒಂದು ಚಮಚ ಹುಣಿಸೆ ರಸವನ್ನು ಲೋಟ ನೀರಿಗೆ ಹಾಕಿದರೆ ನೀರೆಲ್ಲ ಹುಳಿಯಾಗುತ್ತದೆ. ಹಂಡೆ ನೀರಿಗೆ ಹಾಕಿದರೆ ಗೊತ್ತೇ ಆಗುವುದಿಲ್ಲ. ಹಾಗೆಯೇ ನೀರು ಕಡಿಮೆಯಿದ್ದಷ್ಟೂ ಅದರ ಗುಣ ಬೇಗ ಕೆಡುತ್ತದೆ. ಆದುದರಿಂದ ೭೫ ಸೆಂ.ಮೀ. ಉದ್ದ, ೪೦ ಸೆಂ.ಮೀ. ಅಗಲ, ೪೦ ಸೆಂ.ಮೀ. ಎತ್ತರದ ತೊಟ್ಟಿಗಿಂತ ಚಿಕ್ಕದನ್ನು ಆರಿಸದಿರುವುದು ಒಳ್ಳೆಯದು. ಇದರ ಘನ ಅಳತೆ ೧,೨೦,೦೦೦ ಘನ ಸೆಂ.ಮೀ., ಅಂದರೆ ೧೨೦ ಲೀಟರು. ಮೇಲೆ ಬಿಡುವ ಜಾಗವನ್ನೂ ಮರಳು, ಕಲ್ಲುಗಳ ಸ್ಥಳವನ್ನೂ ಕಳೆದರೆ ಸುಮಾರು ೯೦ ಲೀಟರು ನೀರು ಹಿಡಿಯುತ್ತದೆ. ಎಲ್ಲ ಸೇರಿ ಇದರ ತೂಕ ನೂರು ಕಿಲೋಗ್ರಾಮಿಗೂ ಮೀರುವುದರಿಂದ ಗಟ್ಟಿಯಾದ, ಸಮತಟ್ಟಾದ ಪೀಠವಿರಬೇಕು.

ಕಿಟಕಿಯ ಬಿಸಿಲು ತೊಟ್ಟಿಗೆ ಬೀಳಕೂಡದು. ನೀರಿನ ಉಷ್ಣತೆ ೨೫ರಿಂದ ೨೭ ಡಿಗ್ರಿಯೊಳಗಿದ್ದರೆ ಉತ್ತಮ. ನಮ್ಮಲ್ಲಿ ಮೇ ತಿಂಗಳ ಬಿಸಿಲು ೪೦ ಡಿಗ್ರಿಯನ್ನು ದಾಟುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. ನೀರಿನ ಮೇಲ್ಮೈಗೆ ಸಣ್ಣ ಫ್ಯಾನಿನ ಗಾಳಿ ಬೀಸಿದರೆ ನೀರು ಆವಿಯಾಗಿ ಉಷ್ಣತೆ ಇಳಿಯುತ್ತದೆ. ರಂಜಣಿಗೆಯ ನೀರು ತಣ್ಣಗಾಗುವುದೂ ಇದೇ ಕಾರಣದಿಂದ. ಚಳಿಗಾಲಕ್ಕೆ ತಾನೇ ಆರುವ, ತಾನೇ ಹೊತ್ತುವ ಹೀಟರು ಬೇಕು.

ಉಪ್ಪುನೀರು

ಒಂದು ಕಿಲೋಗ್ರಾಂ ಕಡಲ ನೀರಿನಲ್ಲಿ ಸುಮಾರು ೩೫ ಗ್ರಾಂ ಲವಣಗಳಿರುತ್ತವೆ. ಇವುಗಳಲ್ಲಿ ಸೋಡಿಯಂ ಮತ್ತು ಕ್ಲೋರೈಡುಗಳೇ ಹೆಚ್ಚಾದರೂ, ಸಲ್ಫೇಟು, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮೊದಲಾದವೂ ಇವೆ. ಅಡುಗೆಯ ಉಪ್ಪನ್ನು ಕರಗಿಸಿದರೆ ರುಚಿಯಲ್ಲಿ ಕಡಲ ನೀರಿನಂತಿದ್ದೀತು, ಆದರೆ ಅದು ಕಡಲ ನೀರಾಗಲಾರದು. ಮೀನಿನ ಅಂಗಡಿಗಳಲ್ಲಿ ದೊರೆಯುವ ಕಡಲ ಲವಣ ಮಿಶ್ರಣವನ್ನೇ ಕೊಳ್ಳಬೇಕು.

ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಬೋರ್‌ವೆಲ್ ನೀರು ಗಡುಸು. ಆದ್ದರಿಂದ ಆರ್.ಓ. ಯಂತ್ರದಲ್ಲಿ ಶುದ್ಧಿಯಾದ ನೀರನ್ನು ಪ್ಲಾಸ್ಟಿಕ್ ಬಕೀಟಿನಲ್ಲಿ ತೆಗೆದುಕೊಂಡು, ಲವಣವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ ಕರಗಿಸಿ, ಒಂದು ದಿನ ಪಂಪಿನಿಂದ ಕಲಕಲು ಬಿಡಬೇಕು. ತೊಂಬತ್ತು ಲೀಟರಿಗೆ ಸುಮಾರು ೩,೧೫೦ ಗ್ರಾಂ ಬೇಕಾಗುತ್ತದೆ. ಹೈಡ್ರೋಮೀಟರಿನಿಂದ ಅಳೆದಾಗ ಸಾಪೇಕ್ಷ ಸಾಂದ್ರತೆ ೧.೦೨೫ರ ಹತ್ತಿರವಿರಬೇಕು. ಬಳಿಕ ತೊಟ್ಟಿಗೆ ತೊಳೆದ ಸುಣ್ಣಾಂಶದ ಮರಳನ್ನು ಹರಡಿ, ರಂಧ್ರಗಳುಳ್ಳ ಸೆರಾಮಿಕ್ ಕಲ್ಲುಗಳನ್ನು ಜೋಡಿಸಿ, ಈ ನೀರನ್ನು ತುಂಬಿ, ಫಿಲ್ಟರನ್ನೂ ಗಾಳಿಯ ಪಂಪನ್ನೂ ನಡೆಸಬೇಕು.

ಕಣ್ಣಿಗೆ ಕಾಣದ ಜೀವಿಗಳು

ಈಗ ನೀರು ಸ್ಫಟಿಕದಂತೆ ತಿಳಿಯಾಗಿದೆ. ಇನ್ನೇಕೆ ತಡ, ಮೀನನ್ನು ಬಿಡೋಣ ಎಂದು ಎಲ್ಲರಿಗೂ ಅನ್ನಿಸುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯನ್ನು ಇಲ್ಲಿ ನೆನೆಯಬೇಕು. ಹೊಸ ತೊಟ್ಟಿಗಳಲ್ಲಿ ಮೀನುಗಳು ಸಾಯುವುದು ಬಹುಮಟ್ಟಿಗೆ ಈ ಆತುರದಿಂದಲೇ.

ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯಾವನ್ನು ಹೊರಬಿಡುತ್ತದೆ. ಅಪಾರವಾದ ಕಡಲಿನಲ್ಲಿ ಅದು ಕ್ಷಣದಲ್ಲಿ ಚದುರಿಹೋಗುತ್ತದೆ. ತೊಟ್ಟಿಯಲ್ಲಿ ಸೇರುತ್ತಾ ಹೋಗಿ ಮೀನಿಗೇ ವಿಷವಾಗುತ್ತದೆ. ಈ ವಿಷಕ್ಕೆ ಬಣ್ಣವಿಲ್ಲ. ತಿಳಿನೀರನ್ನು ಕಂಡು ನಾವು ಮೋಸಹೋಗುತ್ತೇವೆ. ಇದನ್ನು ಕಳೆಯಬಲ್ಲವು ಸೂಕ್ಷ್ಮಜೀವಿಗಳಾದ ಬ್ಯಾಕ್ಟೀರಿಯಾಗಳು. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟಾಗಿ ಮಾರ್ಪಡಿಸುತ್ತವೆ. ನೈಟ್ರೈಟೂ ವಿಷವೇ. ಇನ್ನೊಂದು ಬಗೆಯವು ಅದನ್ನು ನೈಟ್ರೇಟಾಗಿ ಮಾಡುತ್ತವೆ; ನೈಟ್ರೇಟಿನಿಂದ ಅಪಾಯ ಬಹಳ ಕಡಿಮೆ. ರಷ್ಯದ ವಿಜ್ಞಾನಿ ಸೆರ್ಗೈ ವಿನೊಗ್ರಾಡ್‌ಸ್ಕಿ ಇಂಥ ಬ್ಯಾಕ್ಟೀರಿಯಾಗಳನ್ನು ೧೮೯೦ರ ಸುಮಾರಿಗೆ ಮಣ್ಣಿನಿಂದ ಬೇರ್ಪಡಿಸಿ ತೋರಿಸಿದರು. ರಾಯಚೂರು, ಕಲಬುರಗಿಗಳ ಜೋಳದ ಹೊಲದಲ್ಲಿ ಗೊಬ್ಬರವನ್ನು ಬೆಳೆಗೆ ಒದಗುವಂತೆ ಮಾಡುವುದೂ ಇದೇ ಕ್ರಿಯೆ.

ಆದ್ದರಿಂದ ನಾವು ಮೊದಲು ಸಾಕಬೇಕಾದುದು ಮೀನನ್ನಲ್ಲ, ಈ ಬ್ಯಾಕ್ಟೀರಿಯಾಗಳನ್ನು. ಖಾಲಿ ತೊಟ್ಟಿಗೆ ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನು ಹಾಕಬೇಕು. ಅದು ಕೊಳೆತು ಅಮೋನಿಯಾ ಹುಟ್ಟುತ್ತದೆ; ಅದನ್ನುಂಡು ಬ್ಯಾಕ್ಟೀರಿಯಾಗಳು ಕಲ್ಲು, ಮರಳು, ಫಿಲ್ಟರುಗಳಲ್ಲಿ ವೃದ್ಧಿಯಾಗುತ್ತವೆ. ಎರಡು ದಿನಕ್ಕೊಮ್ಮೆ ಪರೀಕ್ಷಾ ದ್ರಾವಣದ ಹನಿಗಳಿಂದ ನೀರನ್ನು ಪರೀಕ್ಷಿಸಿ, ಫಲಿತಾಂಶವನ್ನು ನಕ್ಷೆಕಾಗದದ ಮೇಲೆ ಗುರುತಿಸಿರಿ. ಮೊದಲು ಅಮೋನಿಯಾದ ರೇಖೆ ಏರಿ ಇಳಿಯುವುದು. ಅನಂತರ ನೈಟ್ರೈಟಿನದು ಏರಿ ಇಳಿಯುವುದು. ಕೊನೆಗೆ ನೈಟ್ರೇಟು ಕಾಣಿಸಿಕೊಳ್ಳುವುದು. ಇದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಹಿಡಿಯುತ್ತವೆ. ಆಹಾರ ಹಾಕುತ್ತಿದ್ದರೂ ಮೊದಲಿನ ಎರಡೂ ಸೊನ್ನೆಯಲ್ಲಿ ನಿಂತ ದಿನ ತೊಟ್ಟಿ ಸಿದ್ಧವಾಯಿತೆಂದು ತಿಳಿಯಬೇಕು.

ಮೀನು

ಕಿತ್ತಳೆ ಬಣ್ಣದ ಮೈಮೇಲೆ ಬಿಳಿಯ ಪಟ್ಟೆಗಳುಳ್ಳ ಕ್ಲೌನ್ ಮೀನು ಹೊಸಬರಿಗೆ ತಕ್ಕುದು. ಎರಡು ಮರಿಗಳು ಸಾಕು. ತೊಟ್ಟಿಗಳಲ್ಲಿಯೇ ಮರಿಮಾಡಿಸಿದವುಗಳನ್ನು ಕೇಳಿ ಕೊಳ್ಳಿರಿ. ನಮ್ಮ ದೇಶದ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ಹಾಗೆ ಮರಿಮಾಡಿಸುವ ವಿಧಾನವನ್ನು ರೂಪಿಸಿದೆ. ಇದರಿಂದ ಕಡಲಿನ ಮೀನನ್ನು ಹಿಡಿದು ತರುವುದು ತಪ್ಪುತ್ತದೆ. ಹವಳಗಳನ್ನೂ ಕಡಲಕುದುರೆಯನ್ನೂ ಕೊಳ್ಳಲೇಬಾರದು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅನುಸೂಚಿಗೆ ೨೦೦೧ರಲ್ಲಿ ಇವು ಸೇರಿದವು. ಹವಳವನ್ನು ನೋಡುವ ಆಸೆಯುಳ್ಳವರಿಗೆ ಉತ್ತರ ಕನ್ನಡದ ಮುರ್ಡೇಶ್ವರದಾಚೆ ನೇತ್ರಾಣಿ ನಡುಗಡ್ಡೆಯ ಸುತ್ತಲ ಕಡಲಿದೆ. ಅದರ ನೆಲೆ ಅಲ್ಲಿಯೇ.

ಮೀನಿನ ಚೀಲವನ್ನು ಇಪ್ಪತ್ತು ನಿಮಿಷ ತೊಟ್ಟಿಯಲ್ಲಿ ತೇಲಬಿಟ್ಟು, ಬಳಿಕ ಸುಮಾರು ಒಂದು ಗಂಟೆಯ ಕಾಲ ತೊಟ್ಟಿಯ ನೀರನ್ನು ಸ್ವಲ್ಪಸ್ವಲ್ಪವಾಗಿ ಅದಕ್ಕೆ ಬೆರೆಸಿ, ಆಮೇಲೆ ಮೀನನ್ನು ಬಿಡಬೇಕು.

ನಿತ್ಯದ ಆರೈಕೆ

ತೊಟ್ಟಿಯ ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ. ಆದ್ದರಿಂದ ಆವಿಯಾದಷ್ಟು ನೀರನ್ನು ತುಂಬುವಾಗ ಶುದ್ಧ ಸಿಹಿನೀರನ್ನೇ ಹಾಕಬೇಕು. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಕೊಡಬೇಕು. ಉಳಿದದ್ದು ಕೊಳೆತು ಅಮೋನಿಯಾವಾಗುತ್ತದೆ. ವಾರಕ್ಕೊಮ್ಮೆ ೯ ಲೀಟರು ಹಳೆಯ ನೀರನ್ನು ತೆಗೆದು, ಅಷ್ಟೇ ಹೊಸ ಉಪ್ಪುನೀರನ್ನು ತುಂಬಿದರೆ ನೈಟ್ರೇಟು ಮಿತಿಯಲ್ಲಿರುತ್ತದೆ. ಫಿಲ್ಟರನ್ನು ತೆಗೆದ ಆ ಹಳೆಯ ನೀರಿನಲ್ಲಿಯೇ ಜಾಲಿಸಬೇಕು. ನಲ್ಲಿಯ ನೀರಿನಲ್ಲಿ ತೊಳೆದರೆ ಸಾಕಿದ ಬ್ಯಾಕ್ಟೀರಿಯಾಗಳು ಸಾಯುತ್ತವೆ. ವಿದ್ಯುತ್ತು ಹೋದಾಗ ಉಪಯೋಗಿಸಲು ಬ್ಯಾಟರಿಯ ಗಾಳಿಪಂಪನ್ನು ಇಟ್ಟುಕೊಂಡಿರಬೇಕು.

ಕ್ಲೌನ್ ಮೀನು ತೊಟ್ಟಿಯಲ್ಲಿ ಹತ್ತು ವರ್ಷಕ್ಕೂ ಮೇಲ್ಪಟ್ಟು ಬದುಕಬಲ್ಲದು. ಐದನೆಯ ತರಗತಿಯಲ್ಲಿ ತಂದ ಮೀನು ನೀವು ಕಾಲೇಜಿಗೆ ಹೋಗುವಾಗಲೂ ಇದ್ದೀತು. ಬೇಸರವಾಯಿತೆಂದು ಅದನ್ನು ಹುಸೇನ್ ಸಾಗರಕ್ಕೆ ಬಿಟ್ಟರೆ ಸಿಹಿನೀರಿನಲ್ಲಿ ಅದು ಬದುಕಲಾರದು. ಕಡಲಿಗೆ ಹೋಗಲು ಅದಕ್ಕೆ ದಾರಿಯಿಲ್ಲ. ಬೇಸಗೆಯ ರಜೆಯಲ್ಲಿ ಮನೆಯವರೆಲ್ಲ ಊರಿಗೆ ಹೋದಾಗ ಅದಕ್ಕೆ ಆಹಾರ ಹಾಕುವವರು ಯಾರು? ಈ ಪ್ರಶ್ನೆಗೆ ಉತ್ತರ ದೊರೆತ ಮೇಲೆಯೇ ತೊಟ್ಟಿಯನ್ನು ಕೊಳ್ಳಿರಿ. ಒಬ್ಬರಿಗೆ ಭಾರವಾದುದನ್ನು ತರಗತಿಯ ಹತ್ತು ಮಂದಿ ಸರದಿಯಂತೆ ಹಗುರವಾಗಿ ಮಾಡಬಹುದು.

ಅಭ್ಯಾಸ

೧. ೯೦ ಲೀಟರು ನೀರಿನಲ್ಲಿ ೩,೧೫೦ ಗ್ರಾಂ ಲವಣವಿದೆ. ೯ ಲೀಟರು ಆವಿಯಾದರೆ ಲೀಟರಿಗೆ ಎಷ್ಟು ಗ್ರಾಂ ಆಗುವುದು?
೨. ಆವಿಯಾದ ಆ ೯ ಲೀಟರಿಗೆ ಬದಲು ಉಪ್ಪುನೀರನ್ನೇ ತುಂಬುತ್ತಾ ಹೋದರೆ ಏನಾಗುವುದು?
೩. ತಿಳಿಯಾದ ನೀರೆಲ್ಲ ಮೀನಿಗೆ ಹಿತವಲ್ಲ ಎಂಬುದನ್ನು ಕಾರಣಸಹಿತ ವಿವರಿಸಿರಿ.